ಏಳು ಸಲ ಕಳಚಿದ ಹಿತ್ತಾಳೆ ಕಂಬಿ

"ಈ ಮನುಷ್ಯನ್ನ ಯಾಕೆ ಕಳಿಸಿದ್ರಿ?"

ಅಂಗಡಿಯೊಳಗೆ ಬಂದವನೇ ಒಂದು ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು ಅವನು ಕೇಳಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಇಲ್ಲಿ ಸೌಂದರ್ಯ ಅಂದರೆ ಯಾರು ಎಂಬ ವಿಚಾರಣೆಯೂ ಇಲ್ಲ.

ಸೌಂದರ್ಯ ತಲೆಯೆತ್ತಿದಳು. ಮೂವತ್ತರ ಆಸುಪಾಸಿನ ಗಂಡಸು. ಮೈಯಿಂದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ ಬರುತ್ತಿತ್ತು. ಬೆರಳುಗಳಿಗೆ ಸೊಪ್ಪಿನ ಕಪ್ಪು ಅಂಟು ಮೆತ್ತಿತ್ತು. ಕಣ್ಣು ಮಾತ್ರ... ನಿದ್ದೆ ಮಾಡಿ ವಾರವಾದಂತಿದ್ದ ಕಣ್ಣು.

ಅವಳು ಪೊಟ್ಟಣ ತೆರೆದಳು. ಒಳಗೆ ಹತ್ತಿಯ ಮೇಲೆ ಒಬ್ಬ ಹಿತ್ತಾಳೆ ಮನುಷ್ಯ ಮಲಗಿದ್ದ. ಎರಡು ಅಕ್ಕಿಕಾಳು ಜೋಡಿಸಿಟ್ಟಷ್ಟು ಎತ್ತರ, ಕಾಗದದಷ್ಟು ದಪ್ಪ. ಒಂದು ಕೈಯನ್ನು ಮುಂದಕ್ಕೆ ಚಾಚಿದ್ದ.

ಅವಳೇ ಮಾಡಿ ಕಳಿಸಿದ್ದು, ಹೋದ ವಾರ. ಹಾಗಾದರೆ ಇವನು... ಕಿರಣ್ಕುಮಾರ್!

ಒಂದು ವರ್ಷದಿಂದ ಫೋನಿನಲ್ಲಿ ಬರೀ ಹೆಸರಾಗಿದ್ದವನು ಎದುರು ನಿಂತಿದ್ದ. ಬರುವುದೇ ಆಗಿದ್ದರೆ ಮೊದಲೇ ಒಂದು ಮೆಸೇಜ್ ಹಾಕಬಾರದಿತ್ತೇ? ಬೆಳಗ್ಗೆ ಎಣ್ಣೆ ಹಚ್ಚಿ ಬಿಗಿದ ಜಡೆ, ಆಸಿಡ್ ಸಿಡಿದು ತೂತಾದ ದುಪಟ್ಟಾ... ಇವತ್ತೇ ಬರಬೇಕಿತ್ತೇ ಈ ಪುಣ್ಯಾತ್ಮ!

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಬ್ದುಲ್ ಸತ್ತಾರ್ ಸಾಬರ ಅಂಗಡಿ. ಮನೆ ಬಾಗಿಲಿನ ಹಿತ್ತಾಳೆ ನಾಮಫಲಕ, ಶಾಲೆಗಳ ಶೀಲ್ಡು, ಇಂಥವೇ ಅಲ್ಲಿನ ಕೆಲಸ. ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಫಿಲಂ ತೆಗೆದು, ತಗಡಿನ ಮೇಲೆ ಬೆಳಕಿನಲ್ಲಿ ಅಚ್ಚು ಹಾಕಿ ಆಸಿಡ್ಡಿಗೆ ಬಿಟ್ಟರೆ ಬೇಡದ ಹಿತ್ತಾಳೆ ಕರಗಿಹೋಗಿ ಬೇಕಾದ್ದು ಉಳಿಯುತ್ತದೆ. ಎರಡು ವರ್ಷದಿಂದ ಆ ಕೆಲಸ ಸೌಂದರ್ಯಳದು.

ಕಿರಣ್ಕುಮಾರ್ ಎಂಬ ಗಿರಾಕಿಗೆ ಬೇಕಾಗಿದ್ದುದು ನಾಮಫಲಕವಲ್ಲ, ಎರಡು ಮೊಳ ಉದ್ದದ ಮಾದರಿ ಹಡಗಿಗೆ ಹಿತ್ತಾಳೆಯ ಬಿಡಿಭಾಗಗಳು. ಕೂದಲೆಳೆಯಂಥ ಕಂಬಿಸಾಲು, ಏಣಿ, ಕಿಟಕಿಯ ಚೌಕಟ್ಟು. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ ಚಿತ್ರಗಳ ಫೋಟೋ ವಾಟ್ಸಾಪಿನಲ್ಲಿ ಬರುತ್ತಿತ್ತು. ಅವಳು ಮಾಡಿ ಎಚ್.ಡಿ. ಕೋಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು.

'ಕಬಿನಿ ಬಿಟ್ರೆ ಬೇರೆ ನೀರು ಕಾಣದ ಊರಲ್ಲಿ ಹಡಗು ಕಟ್ಟಿ ಎಲ್ಲಿಗ್ರೀ ಹೋಗ್ತೀರಾ?' ಎಂದು ಅವಳು ಬರೆದಿದ್ದಳು ಒಮ್ಮೆ.

'ನೀವು ಬತ್ತೀನಿ ಅಂದ್ರೆ ಯೋಚ್ನೆ ಮಾಡಾನ' ಎಂದು ಉತ್ತರ ಬಂದಿತ್ತು.

ಶುರುವಾಗಲು ಇನ್ನೇನು ಬೇಕು ಹೇಳಿ. ಅಂದಿನಿಂದ ಬೆಳಗ್ಗೆ ತಿಂಡಿ ಏನು, ಸಂಜೆ ಮಳೆ ಬಂತಾ, ಎಲ್ಲ ಮಾತೂ ಆಯಿತು. ಹಡಗಿನ ಹಿಂಬದಿಯ ಒಂದು ಕಂಬಿಯನ್ನು ಮಾತ್ರ ಅವನು ಮತ್ತೆ ಮತ್ತೆ ಮಾಡಿಸಿದ. ಅಂಟಿಸಿದರೆ ಬೆಳಗಾಗುವಷ್ಟರಲ್ಲಿ ಕಳಚಿರುತ್ತದಂತೆ, ಎಲ್ಲಿ ಬಿತ್ತೋ ಸಿಗುವುದೇ ಇಲ್ಲವಂತೆ! 'ಜಿಡ್ಡಿನ ಕೈಲಿ ಮುಟ್ಟಿದ್ರೆ ಹಿತ್ತಾಳೆ ಅಂಟು ಹಿಡಿಯಲ್ಲ ಮಹಾರಾಯರೇ, ಹುಣಿಸೆಹಣ್ಣು ಹಚ್ಚಿ ತೊಳೀರಿ' ಎಂದು ಬೈಯುತ್ತಲೇ ಅವಳು ಏಳು ಸಲ ಮಾಡಿಕೊಟ್ಟಿದ್ದಳು. ನನ್ನ ಜೊತೆ ಮಾತಾಡೋಕೆ ಇದೊಂದು ನೆಪ ಎಂದು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು.

"ನಿಮ್ಮನ್ನೇ ಕೇಳ್ತಿರೋದು. ಈ ಮನುಷ್ಯ ಯಾಕೆ?"

"ಅದು... ಕೊಸರು ಕಣ್ರೀ, ಕಿರಣ್." ಅವಳು ನಗಲು ನೋಡಿದಳು. "ತಗಡಿನ ಮೂಲೇಲಿ ಜಾಗ ಉಳೀತು. ಖಾಲಿ ಬಿಟ್ರೆ ಬರ್ಕತ್ ಇರಲ್ಲ ಅಂತಾರೆ ನಮ್ಮ ಸಾಬ್ರು. ಹೋದ್ಸಲ ಒಂದು ಬಕೆಟ್ ಕಳಿಸಿದ್ನಲ್ಲ, ಹಂಗೇ ಇದೂನೂ. ಹಡಗಲ್ಲಿ ಒಬ್ರಾದ್ರೂ ಇರ್ಲಿ ಅಂತ..."

"ನಾನು ಕಿರಣ್ ಅಲ್ಲ."

"ಅಂದ್ರೆ?"

"ನನ್ನೆಸ್ರು ಲಿಂಗರಾಜು. ಕಿರಣ್ಕುಮಾರ್ ನಮ್ಮಣ್ಣ." ಅವನ ದನಿ ಇಳಿಯಿತು. "ಅಣ್ಣ ತೀರೋಗಿ ಮೂರು ವರ್ಷ ಆಯ್ತು."

ಸೌಂದರ್ಯ ಪೊಟ್ಟಣವನ್ನು ಮೇಜಿನ ಮೇಲಿಟ್ಟುಬಿಟ್ಟಳು.

ಮೂರು ವರ್ಷ! ನಿನ್ನೆ ರಾತ್ರಿ 'ಮಲಗಿದ್ರಾ' ಎಂದು ಆ ಹೆಸರಿನಿಂದಲೇ ಮೆಸೇಜ್ ಬಂದಿದೆ. ಹೋದ ತಿಂಗಳು ಅವಳಿಗೆ ಜ್ವರ ಬಂದಾಗ ದಿನಕ್ಕೆ ನಾಲ್ಕು ಸಲ ಕೇಳಿದ್ದೂ ಆ ಹೆಸರೇ.

"ಹಂಗಾದ್ರೆ... ಇಷ್ಟು ದಿನ ನಂಜೊತೆ ಮಾತಾಡಿದ್ದು ಯಾರು?"

"ನಾನೇ. ಅಣ್ಣ ಸರಕಿನ ಹಡಗಲ್ಲಿ ಕೆಲ್ಸಕ್ಕಿದ್ದ. ಅದೇ ಹಡಗಿನ ಮಾದರಿ ಇದು. ರಜಕ್ಕೆ ಬಂದಾಗೆಲ್ಲ ಕೂತ್ಕಂಡು ಕಟ್ತಿದ್ದ. ಸಮುದ್ರಕ್ಕೆ ಬಿದ್ದೋದ. ಹೆಣ ಸಿಗ್ನಿಲ್ಲ, ಪೆಟ್ಟಿಗೆ ಬಂತು. ಅದ್ರಲ್ಲಿ ಈ ನೋಟ್‌ಬುಕ್ಕು, ಫೋನು. ಫೋನಲ್ಲಿ ನಿಮ್ಮ ಅಂಗ್ಡಿ ನಂಬರ್ ಇತ್ತು. ಹಡಗು ಮುಗಿಸ್ಕೊಡಾನ ಅಂತ ಅದ್ರಿಂದ್ಲೇ ಮೆಸೇಜ್ ಹಾಕ್ದೆ. ವಾಟ್ಸಾಪಲ್ಲಿ ಅಣ್ಣನ ಹೆಸ್ರೇ ಕಂಡು ನೀವು 'ಹೇಳಿ ಕಿರಣ್' ಅಂದ್ರಿ."

"ಅಲ್ಲ ಅಂತ ಹೇಳ್ಬೌದಿತ್ತಲ್ಲ?"

"ಮನಸ್ಸಾಗ್ಲಿಲ್ಲ. ಊರಲ್ಲಿ ಯಾರೂ ಅವನ ಹೆಸ್ರೆತ್ತಲ್ಲ. ನೀವೊಬ್ರಾದ್ರೂ ಬದುಕಿರೋರನ್ನ ಕರ್ದಂಗೆ ಕರೀತಿದ್ರಿ..."

ಅವನು ಪೊಟ್ಟಣದತ್ತ ನೋಡಿದ. "ಮೊನ್ನೆ ಸಂಜೆ ಆ ಕಂಬಿ ಅಂಟಿಸಿ, ಈ ಮನುಷ್ಯನ್ನ ಅದ್ರ ಪಕ್ಕ ನಿಲ್ಲಿಸಿದ್ದೆ. ಬೆಳಗ್ಗೆ ನೋಡಿದ್ರೆ ಕಂಬಿ ಇಲ್ಲ. ಇವನೊಬ್ಬ ಅಂಚಲ್ಲಿ ಕೈ ಚಾಚ್ಕಂಡು ನಿಂತವನೆ. ಅಣ್ಣ ಬಿದ್ದಿದ್ದು ಅಲ್ಲಿಂದ್ಲೇ ಕಣ್ರೀ. ಅದು ನಿಮಗೆಂಗೆ ಗೊತ್ತಾಯ್ತು?"

"ನಂಗೇನೂ ಗೊತ್ತಿಲ್ಲ. ನಿಮ್ಮ ಹೆಸರು ಸಮೇತ ಗೊತ್ತಿರ್ಲಿಲ್ಲ." ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. ಸಿಟ್ಟಿನ ಹಿಂದೆಯೇ ಅಳು. "ಸತ್ತೋರ ಹೆಸರಿಟ್ಕೊಂಡು ಒಂದು ವರ್ಷ ನನ್ನ ಕುಣಿಸಿದ್ರಲ್ಲ... ಹೋಗಿ ಇಲ್ಲಿಂದ."

ಅವನು ಹೊರಟುಹೋದ. ಹಿತ್ತಾಳೆ ಮನುಷ್ಯ ಮೇಜಿನ ಮೇಲೇ ಉಳಿದ.

ಅವಳ ಆಮೇಲಿನ ದಿನಗಳು ಶತ್ರುವಿಗೂ ಬೇಡ. ಫೋನು ಬೆಳಗಿದರೆ ಸಾಕು, ಮೈ ಜುಮ್ಮೆನ್ನುತ್ತಿತ್ತು. 'ಕಿರಣ್ಕುಮಾರ್ ಆನ್‌ಲೈನ್' ಎಂದು ತೋರಿಸಿದರೆ ಫೋನನ್ನು ಬೋರಲು ಮಾಡಿಡುತ್ತಿದ್ದಳು. ಆಸಿಡ್ ತೊಟ್ಟಿಯಿಂದ ತಗಡು ಎತ್ತುವಾಗಲೂ ಕಂದು ನೀರಿನೊಳಗಿಂದ ಯಾರೋ ಕೈ ಚಾಚಿದಂತೆ ಕಾಣುತ್ತಿತ್ತು.

ನಾನು ಪ್ರೀತಿಸಿದ್ದು ಯಾರನ್ನ? ಹೆಸರು ಸತ್ತವನದು, ಚಿತ್ರ ಸತ್ತವನದು, ಫೋನೂ ಸತ್ತವನದೇ. ಹಾಗಾದರೆ ನನ್ನವನು ಅನ್ನಿಸಿದವನು ಇದ್ದಾನೋ ಇಲ್ಲವೋ?

ಸತ್ತಾರ್ ಸಾಬರು ನಾಲ್ಕು ದಿನ ಸುಮ್ಮನೆ ನೋಡಿದರು. ಐದನೆಯ ದಿನ ಚಹಾ ಲೋಟ ಅವಳ ಮುಂದಿಟ್ಟು ಕೂತು, ನಡೆದದ್ದನ್ನೆಲ್ಲ ಅವಳ ಬಾಯಿಂದಲೇ ಕೇಳಿಕೊಂಡರು.

"ನೋಡಮ್ಮ, ಆ ಕಿರಣ್ಕುಮಾರ್ ನಂಗೆ ಗೊತ್ತಿದ್ದ. ಒಳ್ಳೆ ಹುಡ್ಗ. ಅವ್ನು ಹೋದ ಅಂತ ನಂಗೂ ಯಾರೂ ಹೇಳ್ಲಿಲ್ಲ. ಆದ್ರೆ ಈ ತಮ್ಮ ಇದಾನಲ್ಲ, ಸತ್ತೋರ ಫೋನಿಗೆ ಮೂರು ವರ್ಷದಿಂದ ಕರೆನ್ಸಿ ಹಾಕ್ಸಿ ಹಾಕ್ಸಿ ಇಟ್ಕೊಂಡವ್ನೆ. ಮೋಸ ಮಾಡೋನು ಹಂಗೆ ಮಾಡಲ್ಲ ಬೇಟಿ. ಪಾಪದೋನು ಮಾಡ್ತಾನೆ."

ಅವಳು ಚಹಾ ಕುಡಿದಳು.

ಮಾರನೆಯ ದಿನ ಮಧ್ಯಾಹ್ನ ಬೇರೊಂದು ನಂಬರಿನಿಂದ ವಾಯ್ಸ್ ಮೆಸೇಜ್ ಬಂತು.

"ನಾನು ಲಿಂಗರಾಜು. ಇದು ನನ್ನ ನಂಬ್ರು. ನಿಮಗೆ ಸುಳ್ಳು ಹೇಳ್ದೆ, ತಪ್ಪಾಯ್ತು. ಇನ್ನೂ ಒಂದು ಹೇಳ್ತೀನಿ, ಇದನ್ನ ಅವ್ವಂಗೂ ಹೇಳಿಲ್ಲ. ಸಾಯೋಕೆ ಎರಡು ದಿನ ಮುಂಚೆ ಅಣ್ಣ ಫೋನ್ ಮಾಡಿದ್ದ. ಸಮುದ್ರ ಸಾಕಾಯ್ತು ಕಣ್ಲಾ, ಊರಿಗೆ ಬಂದ್ಬುಡ್ತೀನಿ ಅಂದ. ನಾನು, ಬರ್ಬೇಡ, ಅಲ್ಲೇ ಇರು, ಇಲ್ಲಿ ನಿಂಗೇನು ಕೆಲ್ಸ ಅಂದೆ. ಜಮೀನು ಪಾಲಾಯ್ತದೆ ಅನ್ನೋ ದುರಾಸೆ ಕಣ್ರೀ. ಆಮೇಲೆ ಕಂಪನಿಯೋರ ಕಾಗದ ಬಂತು. ಕಂಬಿ ಗಟ್ಟಿಯಾಗೇ ಇತ್ತು, ತಾನಾಗೇ ಹತ್ತಿ ಹಾರವ್ನೆ ಅಂತ. ಅವ್ವಂಗೆ ಜಾರಿ ಬಿದ್ದ ಅಂದೆ. ನನ್ನ ಮಾತೇ ಅವನ್ನ ನೂಕಿದ್ದು. ಅದಕ್ಕೇ ಆ ಕಂಬಿ ನಿಲ್ತಿಲ್ಲ, ಅಣ್ಣ ನಿಲ್ಲೋಕೆ ಬುಡ್ತಿಲ್ಲ. ಕೊನೇ ಸಲ ಒಂದು ಮಾಡ್ಕೊಡಿ. ಹಡಗು ಮುಗಿದ್ರೆ ಈ ಪಿತೃಪಕ್ಷಕ್ಕೆ ಎಡೆ ಇಡ್ತೀನಿ ಅಂತ ಅವ್ವ ಅಂದವ್ಳೆ. ಅದಾದ್ಮೇಲೆ ನಿಮ್ಮ ತಂಟೆಗೆ ಬರಲ್ಲ."

ಸೌಂದರ್ಯ ಅದನ್ನು ಮೂರು ಸಲ ಕೇಳಿದಳು. ಮೂರನೆಯ ಸಲ ಕಣ್ಣೀರು ಕೀಬೋರ್ಡಿನ ಮೇಲೆ ಬಿತ್ತು. ಸಂಜೆ ಮಳೆ ಬಂತಾ ಎಂದು ಕೇಳುತ್ತಿದ್ದ ದನಿ ಇದೇ ಎಂದು ಅವಳಿಗೆ ಗೊತ್ತಾಯಿತು. ಆ ಮಾತುಗಳನ್ನು ಅವಳು ಓದಿದ್ದಳೇ ಹೊರತು ಕಿವಿಯಾರೆ ಕೇಳಿರಲಿಲ್ಲ, ಆದರೂ ಗೊತ್ತಾಯಿತು. ಪ್ರೀತಿಸಿದ್ದು ಇವನನ್ನೇ. ಇವನು ಬದುಕಿದ್ದ, ಆದರೆ ಅರ್ಧ ಸತ್ತಂತೆ ಬದುಕಿದ್ದ.

ಕೊನೆಯ ಸಲ ಎಂದು ಅವಳು ಆ ಚಿತ್ರವನ್ನು ಮತ್ತೆ ತೆರೆದಳು. ಮೊದಲು ತಿದ್ದಿಟ್ಟಿದ್ದ ಫೈಲನ್ನಲ್ಲ, ನೋಟ್‌ಬುಕ್ಕಿನ ಮೂಲ ಫೋಟೋವನ್ನೇ ತೆರೆದಳು. ದೊಡ್ಡದು ಮಾಡಿದಳು.

ಅವಳ ಕೈ ನಿಂತಿತು.

ಆ ಪುಟದಲ್ಲಿ ಎಲ್ಲ ಕಂಬಿಗಳನ್ನೂ ಸ್ಕೇಲ್ ಹಿಡಿದು ಎಳೆಯಲಾಗಿತ್ತು. ಹಿಂಬದಿಯ ಎರಡು ಕಂಬಗಳ ನಡುವಿನ ಗೆರೆ ಮಾತ್ರ ಜೋತುಬಿದ್ದಿತ್ತು. ಕೈ ತಪ್ಪಿ ಸೊಟ್ಟಗಾದ ಗೆರೆಯಲ್ಲ ಅದು. ಎರಡು ತುದಿಯಲ್ಲೂ ಒಂದೊಂದು ಪುಟ್ಟ ಗಂಟನ್ನು ಬರೆಯಲಾಗಿತ್ತು.

ಹಗ್ಗ!

ಅದನ್ನು ನೆಟ್ಟಗೆ ಮಾಡಿದವಳು ಅವಳೇ. ಗಿರಾಕಿ ಸೊಟ್ಟಗೆ ಬರೆದದ್ದನ್ನು ನೆಟ್ಟಗೆ ಮಾಡುವುದು ನಾಮಫಲಕದವರ ಧರ್ಮ. ಮೊದಲ ದಿನವೇ ಆ ಗೆರೆ ಕಂಡು, ಪಾಪ ಕೈ ನಡುಗಿರಬೇಕು ಎಂದುಕೊಂಡು, ಉಳಿದ ಕಂಬಿಗಳಂತೆ ಮೂರು ಸಾಲು ಎಳೆದು ಕೂರಿಸಿದ್ದಳು. ಅದನ್ನೇ ಏಳು ಸಲ ಮಾಡಿ ಕಳಿಸಿದ್ದಳು.

"ಸಾಬ್ರೇ, ನಂಗೆ ರಜ ಬೇಕು."

"ಎಲ್ಲಿಗಮ್ಮ?"

"ಹಂಪಾಪುರಕ್ಕೆ, ಆ ಹಡಗಿನವ್ರ ಊರಿಗೆ. ನನ್ನ ತಪ್ಪೊಂದಿದೆ, ತಿದ್ದಿ ಬರ್ತೀನಿ."

ಸಾಬರು ಕನ್ನಡಕದ ಮೇಲಿನಿಂದ ನೋಡಿ ನಕ್ಕರು. "ಹೋಗು ಹೋಗು. ನಿಧಾನಕ್ಕೆ ತಿದ್ದು."

ಕೋಟೆಯಲ್ಲಿ ಬಸ್ಸು ಬದಲಿಸಿ ಹಂಪಾಪುರದಲ್ಲಿ ಇಳಿದಾಗ ಹನ್ನೆರಡು ಗಂಟೆ. ಹಡಗಿನ ಮನೆ ಎಂದು ಕೇಳಿದರೆ ಸಾಕಿತ್ತು, ಊರವರು ದಾರಿ ತೋರಿಸಿದರು. ಒಬ್ಬಳು ಹೆಂಗಸು ಮಾತ್ರ ತೋಳು ಹಿಡಿದು ನಿಲ್ಲಿಸಿ, "ಅಲ್ಲಿ ಅಡಗಿನ ಎದ್ರುಗೆ ಕೂರ್ಬೇಡ ಕಣವ್ವ, ಗಾಳಿ ಅದೆ" ಎಂದು ಬುದ್ಧಿ ಹೇಳಿದಳು.

ನಡುಮನೆಯಲ್ಲಿ ಬೀರುವಿನ ಮೇಲಿತ್ತು ಹಡಗು. ಕೆಂಪು ತಳ, ಬಿಳಿ ಮಹಡಿ, ಸುತ್ತಲೂ ಅವಳದೇ ಕೈಯ ಹಿತ್ತಾಳೆ ಕಂಬಿ. ಅಷ್ಟು ಚೆಂದದ ಹಡಗಿನಲ್ಲಿ ಹಿಂಬದಿಯ ಆ ಬರಿದು ಜಾಗದ ಮೇಲೆಯೇ ಕಣ್ಣು ಹೋಗಿ ನಿಲ್ಲುತ್ತಿತ್ತು. ಹಗಲು ಹೊತ್ತಿನಲ್ಲೂ ಅವಳಿಗೆ ಅತ್ತ ನೋಡಲು ಧೈರ್ಯ ಸಾಲಲಿಲ್ಲ.

"ಯಾರವ್ವ ನೀನು?" ಒಳಗಿನಿಂದ ಬಂದವರು ಲಿಂಗರಾಜುವಿನ ತಾಯಿ ಮರಮ್ಮ.

"ಹಿತ್ತಾಳೆ ಕಂಬಿ ಮಾಡೋಳು ಅಮ್ಮ. ಹುಣಸೂರಿಂದ ಬಂದೆ."

ಮುದುಕಿಯ ಮುಖ ಬಿಗಿಯಿತು. ಆದರೂ ಮನೆಗೆ ಬಂದವಳನ್ನು ನಿಲ್ಲಿಸಿ ಮಾತಾಡಿಸುವುದುಂಟೇ! "ಕೂತ್ಕೊ. ಲಿಂಗ ಬ್ಯಾರನ್ ತಾವ ಅವ್ನೆ, ಬತ್ತಾನೆ" ಎಂದು ಚಾಪೆ ಹಾಸಿದರು. ನೀರು ಕೊಟ್ಟರು. ಎಲೆ ಅಡಿಕೆ ಕೊಡಲು ಸೊಂಟದಲ್ಲಿದ್ದ ಚೀಲ ಬಿಚ್ಚಿ ಎಲೆ ತೆಗೆದರು, ಸುಣ್ಣದ ಡಬ್ಬಿ ತೆಗೆದರು.

ಡಬ್ಬಿಯ ಜೊತೆ ಏನೋ ಮಿನುಗಿ ಚಾಪೆಯ ಮೇಲೆ ಬಿತ್ತು.

ಸೌಂದರ್ಯ ಎತ್ತಿಕೊಂಡಳು. ಹಿತ್ತಾಳೆ ಕಂಬಿ! ಸೊಟ್ಟಗಾಗಿತ್ತು, ಆದರೂ ತನ್ನ ಕೆಲಸ ಅವಳಿಗೆ ಗೊತ್ತಾಗದೇ? ಚೀಲದೊಳಗೆ ಇನ್ನೂ ಇದ್ದವು. ಒಟ್ಟು ಏಳು.

ಮರಮ್ಮ ಚೀಲದ ಬಾಯಿ ಬಿಗಿಯಲು ಹೋಗಿ ಬಿಟ್ಟುಬಿಟ್ಟರು.

"ಗಾಳಿನೂ ಅಲ್ಲ, ದೆವ್ವನೂ ಅಲ್ಲ" ಎಂದರು. "ನಾನೇ ಕಿತ್ತಿದ್ದು."

"ಯಾಕಮ್ಮ?"

"ಅಡಗು ಮುಗುದ್ರೆ ಎಡೆ ಇಡ್ತೀನಿ ಅಂತ ಬಾಯಿ ತಪ್ಪಿ ಅಂದ್ಬುಟ್ಟಿದ್ದೆ. ಎಡೆ ಇಟ್ರೆ ಸತ್ತ ಅಂತ ಒಪ್ಕಂಡಂಗಲ್ವ? ಎಣನೇ ನೋಡ್ದೆ ಎಂಗವ್ವ ಒಪ್ಲಿ? ಅದು ಮುಗಿಯೋಗಂಟ ನನ್ ಮಗ ದಾರೀಲವ್ನೆ ಅನ್ಕತೀನಿ."

"ಅವ್ವಾ..."

ಬಾಗಿಲಲ್ಲಿ ಲಿಂಗರಾಜು ನಿಂತಿದ್ದ. ಅವನು ಚಾಪೆಯ ಮೇಲಿನ ಕಂಬಿಗಳನ್ನು ನೋಡಿದ, ತಾಯಿಯನ್ನು ನೋಡಿದ, ಆಮೇಲೆ ಸೌಂದರ್ಯಳನ್ನು. ಅವಳನ್ನು ಅಲ್ಲಿ ಕಂಡದ್ದೇ ಅವನಿಗೆ ನಂಬಿಕೆಯಾದಂತಿರಲಿಲ್ಲ.

"ಲಿಂಗರಾಜು ಅವ್ರೇ, ಬನ್ನಿ ಕೂತ್ಕೊಳಿ" ಎಂದಳು ಅವಳು. ಆ ಹೆಸರನ್ನು ಅವಳು ಕರೆದದ್ದು ಅದೇ ಮೊದಲು. "ನಾನೊಂದು ತಪ್ಪು ಮಾಡಿದೀನಿ. ಈ ಚಿತ್ರ ನೋಡಿ, ಸರಿಯಾಗಿ ನೋಡಿ. ಈ ಗೆರೆ ಯಾಕೆ ಜೋತಿದೆ? ಇದು ಕಂಬಿ ಅಲ್ಲ. ಹಗ್ಗ. ಗಂಟು ಸಮೇತ ಬರ್ದಿದಾರೆ. ನಾನು ನೆಟ್ಟಗೆ ಮಾಡ್ಬಿಟ್ಟೆ."

ಅವಳು ಮುಂದೆ ಹಿಡಿದ ಫೋನನ್ನು ನೋಡಿದರೂ ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಊಂ ಮತ್ತೆ" ಎಂದರು ಮರಮ್ಮ. "ಅಲ್ಲಿ ಕಂಬಿ ಎಲ್ಲಿತ್ತು? ಮುರ್ದೋಗಿ ತಿಂಗ್ಳಾಯ್ತು, ಅಗ್ಗ ಕಟ್ಟವ್ರೆ ಅಂತ ಫೋನಲ್ಲಿ ಅವ್ನೇ ತೋರ್ಸಿದ್ದ. ಉಸಾರು ಕಣ್ಲಾ ಮಗ ಅಂದೆ. ಊರಿಗೇ ಬತ್ತೀನಲ್ಲ ಬುಡವ್ವ ಅಂತ ನಕ್ಬುಟ್ಟ."

"ಊರಿಗೆ ಬತ್ತೀನಿ ಅಂದ್ನಾ? ಯಾವಾಗ?" ಎಂದ ಲಿಂಗರಾಜು.

"ಜಾರಿ ಬಿದ್ನಲ್ಲ, ಅವತ್ತು ಸಂಜೇಲಿ. ತಮ್ಮ ಬೈದ ಕಣವ್ವ, ಆದ್ರೂ ಬತ್ತೀನಿ, ಅವ್ನು ಬೈಯೋದೇ ಅಂಗೆ, ಬಂದ್ರೆ ಸರಿಯಾಯ್ತಾನೆ ಅಂದ."

ಲಿಂಗರಾಜು ಗೋಡೆ ಹಿಡಿದು ಕುಸಿದ. ಮೂರು ವರ್ಷದಿಂದ ಬಾಯಿಬಿಡದಿದ್ದವನು ಕಂಪನಿಯ ಕಾಗದದ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಹೇಳುತ್ತಾ ಹೇಳುತ್ತಾ ಮಗುವಿನಂತೆ ಅತ್ತ. ಕಂಬಿ ಗಟ್ಟಿಯಾಗಿತ್ತೆಂಬ ಕಂಪನಿಯ ಮಾತು ಸುಳ್ಳು. ಅಣ್ಣ ಹಾರಿರಲಿಲ್ಲ. ಹೊರಡಲು ಸಿದ್ಧನಾಗಿದ್ದ. ತಮ್ಮನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡೇ ಇರಲಿಲ್ಲ.

ಮರಮ್ಮ ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. "ಇಷ್ಟು ದಿನ ಇದ್ನ ಒಟ್ಟೇಲಿಟ್ಕಂಡಿದ್ಯಾ ಮುಂಡೇದೇ? ನಾನು ನೋಡು, ಸತ್ತೋನ್ನ ಕಾಯ್ಕಂಡು ಬದ್ಕಿರೋನ್ನ ನೋಡ್ದೆ ಓದೆ..."

ಸೌಂದರ್ಯ ಮೆಲ್ಲಗೆ ಎದ್ದು ಹಿತ್ತಿಲಿಗೆ ಹೋದಳು. ತಾಯಿ ಮಗ ಅಳುವಾಗ ಮೂರನೆಯವರಿಗೆ ಅಲ್ಲೇನು ಕೆಲಸ? ಆದರೆ ಹೊರಗೆ ನಿಂತು ಅವಳೂ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಸೊಪ್ಪು ಕಟ್ಟುವ ದಾರದ ಒಂದು ತುಂಡು ತಂದು, ಅದರಿಂದ ಒಂದೇ ಒಂದು ಎಳೆ ಬಿಡಿಸಿದಳು. ಲಿಂಗರಾಜು ಕೈ ತೊಳೆದು ಬಂದು ಅದನ್ನು ಎರಡು ಕಂಬಗಳ ನಡುವೆ ಕಟ್ಟಿದ. ಗಂಟು ಹಾಕುವಾಗ ಅವಳು ಕಂಬಗಳನ್ನು ಹಿಡಿದುಕೊಂಡಳು. ಎಳೆ ಚಿತ್ರದಲ್ಲಿದ್ದ ಹಾಗೆಯೇ ಜೋತಿತು.

ಹಡಗು ಮುಗಿಯಿತು.

"ಅಮಾಸೆಗೆ ನೀನೂ ಬಾವ್ವ" ಎಂದರು ಮರಮ್ಮ.

ಅಮಾವಾಸ್ಯೆಯ ದಿನ ಅವಳು ಬಂದಳು. ಬೆಳಗ್ಗಿನಿಂದ ಒಲೆ ಆರಲಿಲ್ಲ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಕಿರಣ್ಕುಮಾರನಿಗೆ ಇಷ್ಟವೆಂದು ಸೀಗಡಿ ಗೊಜ್ಜು. ಕಲಶದ ಪಕ್ಕದಲ್ಲಿ ಹೊಸ ಅಂಗಿ, ಪಂಚೆ. ಮರಮ್ಮ ಎಲೆ ಹಾಸಿ ಬಡಿಸಿದರು. ಬಡಿಸುವಾಗ ಅಳಲಿಲ್ಲ. "ಉಣ್ಣು ಮಗ" ಎಂದಷ್ಟೇ ಹೇಳಿದರು. ಆಮೇಲೆ ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಬಂದು ಉಣ್ಣುವ ಹೊತ್ತು. ಬದುಕಿದವರು ಹೊರಗೆ ಕಾಯಬೇಕು.

ಜಗುಲಿಯ ಒಂದು ತುದಿಯಲ್ಲಿ ಮರಮ್ಮ ಕಣ್ಣು ಮುಚ್ಚಿ ಕೂತರು. ಇನ್ನೊಂದು ತುದಿಯಲ್ಲಿ ಇವರಿಬ್ಬರು.

ಒಳಗಿನಿಂದ ಯಾವ ಸದ್ದೂ ಇಲ್ಲ. ಇಲ್ಲವೆಂದು ಗೊತ್ತಿದ್ದೂ ಮೂವರ ಕಿವಿಯೂ ಅಲ್ಲೇ ಇತ್ತು.

"ಒಂದ್ಮಾತು ಕೇಳ್ಲಾ?" ಎಂದ ಲಿಂಗರಾಜು ಮೆಲ್ಲಗೆ.

"ಕೇಳಿ."

"ಒಂದು ವರ್ಷ ನೀವು ಮಾತಾಡಿದ್ದು... ಅಣ್ಣನ ಹೆಸರಿನ ಜೊತೆ. ಹೆಸರು ಹೋಯ್ತು. ಈಗ ನಾನು ಯಾರೋ ಆಗ್ಬುಟ್ನಾ?"

ಸೌಂದರ್ಯ ಅವನನ್ನೇ ನೋಡಿದಳು. "ಜ್ವರ ಬಂದಾಗ ದಿನಕ್ಕೆ ನಾಕು ಸಲ ಕೇಳಿದ್ದು ಹೆಸರಲ್ಲ ಕಣ್ರೀ. ನೀವು. ನನಗೆ ಇಷ್ಟ ಆಗಿದ್ದೂ ನೀವೇ. ನಿಮ್ಮನ್ನ ಕಂಡ ಮೇಲೆ ಇನ್ನೂ ಜಾಸ್ತಿ ಆಯ್ತು, ಏನು ಮಾಡ್ಲಿ?"

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು.

"ನಂಗೂ ನೀವಂದ್ರೆ ಪ್ರಾಣ" ಎಂದ. ಎಷ್ಟು ಮೆಲ್ಲಗೆ ಅಂದರೆ, ಅವಳೊಬ್ಬಳಿಗೇ ಕೇಳಿಸಿತು.

"ಲಿಂಗಾ" ಎಂದರು ಮರಮ್ಮ ಕಣ್ಣು ತೆರೆಯದೆಯೇ. "ಒತ್ತಾಯ್ತು. ನೀನೇ ತಗಿ ಬಾಗ್ಲ."

ಅವನು ಎದ್ದು ಬಾಗಿಲವರೆಗೆ ಹೋಗಿ ನಿಂತುಬಿಟ್ಟ. ಕೈ ಚಿಲಕದ ಮೇಲಿತ್ತು, ತೆಗೆಯಲು ಆಗಲಿಲ್ಲ. ಅಣ್ಣ ಒಳಗೆ ಇರುತ್ತಾನೆ ಎಂಬ ಭಯವೋ, ಇರುವುದಿಲ್ಲ ಎಂಬ ಸಂಕಟವೋ... ಅವನು ಹಿಂತಿರುಗಿ ನೋಡಿದ.

"ಜೊತೆಗೆ ಬತ್ತೀರಾ?"

"ಒಳಕ್ಕಾ?"

"ಒಳಕ್ಕೂ. ಆಮೇಲೂ."

ಸೌಂದರ್ಯ ಎದ್ದು ಅವನ ಪಕ್ಕ ನಿಂತು, ಚಿಲಕದ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಬತ್ತೀನಿ. ತೆಗೀರಿ."